ಬೇಸಿಗೆಯಲ್ಲಿ ಅಂಬಾಸಿಡರ್, ಪದ್ಮಿನಿ ಎಂಜಿನ್ ಬಿಸಿಯೇರದಂತೆ ನೋಡಿಕೊಳ್ಳುವುದು ಹೇಗೆ?

"ಹಳೇ ಗಾಡಿ ಅಂದ್ಮೇಲೆ ಹೀಟ್ ಆಗದೇ ಇರುತ್ತಾ?" ಮಾರ್ಚ್ ತಿಂಗಳು ಬಂದರೆ ಸಾಕು, ಈ ಮಾತು ಗ್ಯಾರೇಜುಗಳಲ್ಲಿ ಕಿವಿಗೆ ಬೀಳುತ್ತದೆ. ದಯವಿಟ್ಟು ನಂಬಬೇಡಿ. ದೆಹಲಿಯಲ್ಲಿ ಬೇಸಿಗೆಯ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ಅಲ್ಲೇ ಅಂಬಾಸಿಡರ್ ದಶಕಗಟ್ಟಲೆ ಟ್ಯಾಕ್ಸಿಯಾಗಿ ಓಡಿತು. ಕೋಲ್ಕತ್ತದ ಹಳದಿ ಟ್ಯಾಕ್ಸಿಗಳೂ ಇದೇ ಕಾರು. ಪದ್ಮಿನಿ ಟ್ಯಾಕ್ಸಿ ಮುಂಬೈ ಟ್ರಾಫಿಕ್ಕಿನಲ್ಲಿ 2023ರ ಅಕ್ಟೋಬರ್‌ವರೆಗೂ ದುಡಿಯಿತು. ಕಂಪನಿಯಿಂದ ಹೊರಬಂದಾಗ ಇದ್ದ ಸ್ಥಿತಿಯಲ್ಲಿ ಕೂಲಿಂಗ್ ವ್ಯವಸ್ಥೆ ಇದ್ದರೆ ಈ ಕಾರುಗಳು ನಮ್ಮ ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ಬಿಸಿಲನ್ನು ಖಂಡಿತ ತಡೆಯುತ್ತವೆ. ಆ ಸ್ಥಿತಿಯಲ್ಲಿ ಇಲ್ಲದಿರುವುದೇ ತೊಂದರೆ. ಮೂವತ್ತು ನಲವತ್ತು ವರ್ಷ ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್, ಯಾರೋ ಕಿತ್ತು ಹಾಕಿದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ), ಬೇರೆ ಗಾಡಿಯಿಂದ ತಂದು ಕೂರಿಸಿದ ಮುಚ್ಚಳ. ಇಷ್ಟು ಸೇರಿದರೆ ಯಾವ ಎಂಜಿನ್ ತಾನೆ ಕುದಿಯುವುದಿಲ್ಲ?

ಇಲ್ಲಿ ಬರೆದಿರುವುದು ಮುಖ್ಯವಾಗಿ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಪದ್ಮಿನಿಯ 1089 ಸಿಸಿ ಎಂಜಿನ್ ಮನಸ್ಸಿನಲ್ಲಿಟ್ಟುಕೊಂಡು. ಬೆಲ್ಟಿನಿಂದ ತಿರುಗುವ ಫ್ಯಾನು, ಹಿತ್ತಾಳೆ ತಾಮ್ರದ ರೇಡಿಯೇಟರ್, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಇದ್ದರೆ ಬೇರೆ ಹಳೇ ಕಾರಿಗೂ ಬಹುಪಾಲು ಇದೇ ಅನ್ವಯ.

ಯಾವಾಗ ಬಿಸಿ ಆಗುತ್ತದೆ, ಮೊದಲು ಅದನ್ನು ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ವಾರ ಸುಮ್ನೆ ಗಮನಿಸಿ. ಟೆಂಪರೇಚರ್ ಗೇಜಿನ ಮುಳ್ಳು ಏರುವುದು ಸಿಗ್ನಲ್‌ನಲ್ಲಿ ನಿಂತಾಗಲೋ, ಹೈವೇಯಲ್ಲಿ 70, 80ರ ವೇಗದಲ್ಲಿ ಹೋಗುವಾಗಲೋ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಟ್ರಾಫಿಕ್ಕಿನಲ್ಲಿ ಏರಿ, ಗಾಡಿ ಓಡತೊಡಗಿದ ಕೂಡಲೇ ಇಳಿದರೆ ಕೊರತೆ ಇರುವುದು ಗಾಳಿಯದು. ಫ್ಯಾನು, ಬೆಲ್ಟು, ರೇಡಿಯೇಟರ್ ಮುಂದೆ ಅಡ್ಡ ಇರುವ ವಸ್ತು, ಇವುಗಳ ಕಡೆ ನೋಡಿ. ಊರೊಳಗೆ ಚೆನ್ನಾಗಿದ್ದು ಹೈವೇಯಲ್ಲಿ ಏರಿದರೆ ಗಾಳಿ ಸಾಕಷ್ಟು ಸಿಗುತ್ತಿದೆ, ನೀರು ಸರಿಯಾಗಿ ತಿರುಗುತ್ತಿಲ್ಲ ಎಂದರ್ಥ. ಕಟ್ಟಿಕೊಂಡ ರೇಡಿಯೇಟರ್, ಒಳಕ್ಕೆ ಕುಗ್ಗುವ ಕೆಳಗಿನ ಹೋಸು, ತುಕ್ಕು ತಿಂದ ನೀರಿನ ಪಂಪು ಇದಕ್ಕೆ ಕಾರಣ. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಸಮಯ, ಹಿಂದೆ ಬಿದ್ದಿದ್ದರೂ ಹೀಗೆ ಆಗಬಹುದು. ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೆ ಏರಿದರೆ ನೀರು ಕಡಿಮೆ ಇರಬೇಕು, ಇಲ್ಲವೇ ಥರ್ಮೋಸ್ಟಾಟ್ ತೆರೆಯದೆ ಸಿಕ್ಕಿಕೊಂಡಿರಬೇಕು. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಹೋಗಿರುವ ಸಾಧ್ಯತೆಯೂ ಇದೆ.

ಮುಳ್ಳು ನಿಜ ಹೇಳುತ್ತಿದೆಯಾ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ನಲವತ್ತು ವರ್ಷದ ಗೇಜು, ಅದರ ಹಿಂದಿನ ವೈರು, ಅರ್ತಿಂಗ್ ಯಾವುದೂ ಹೊಸದಲ್ಲವಲ್ಲ. ಟೆಂಪರೇಚರ್ ಗೇಜು, ಪೆಟ್ರೋಲ್ ಗೇಜು ಎರಡೂ ಒಟ್ಟಿಗೇ ಇರಬೇಕಾದ್ದಕ್ಕಿಂತ ಮೇಲೆ ತೋರಿಸುತ್ತಿದ್ದರೆ ಎಂಜಿನ್ ಮೇಲೆ ಅನುಮಾನ ಬೇಡ. ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟರೆ ಹೀಗಾಗುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ. ಗನ್ ತರಹ ಇರುತ್ತದೆ, ದುಬಾರಿಯೇನಲ್ಲ. ಅರ್ಧ ಗಂಟೆ ಓಡಿಸಿ ಬಂದ ಮೇಲೆ ಥರ್ಮೋಸ್ಟಾಟ್ ಕೂತಿರುವ ಲೋಹದ ಕವಚಕ್ಕೆ ಗುರಿ ಹಿಡಿಯಿರಿ. 80ರಿಂದ 90 ಡಿಗ್ರಿ ತೋರಿಸಿದರೆ ಎಂಜಿನ್ ಆರೋಗ್ಯವಾಗಿದೆ. ಹೊಳೆಯುವ ಲೋಹದ ಮೇಲೆ ಈ ಗನ್ ತಪ್ಪು ಲೆಕ್ಕ ಕೊಡುತ್ತದೆ. ಅಲ್ಲೊಂದು ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದರ ಮೇಲೆ ನೋಡಿ.

ನೀರಿನ ವಿಷಯ

ನನ್ನನ್ನು ಕೇಳಿದರೆ ನಮ್ಮ ಕಡೆ ಹಳೇ ಕಾರುಗಳನ್ನು ಹಾಳು ಮಾಡುವುದು ಬಿಸಿಲಿಗಿಂತ ಜಾಸ್ತಿ ನೀರು. ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ? ಅದೇ ಪದರ ರೇಡಿಯೇಟರಿನ ಸಣ್ಣ ಟ್ಯೂಬುಗಳ ಒಳಗೂ ಸಿಲಿಂಡರ್ ಸುತ್ತಲಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ತೆಳ್ಳಗಿದ್ದರೂ ಸಾಕು, ಲೋಹದ ಬಿಸಿ ನೀರಿಗೆ ದಾಟುವುದು ಕಡಿಮೆಯಾಗುತ್ತದೆ. ಇದರ ಜೊತೆಗೆ ಬ್ಲಾಕು ಎರಕದ ಕಬ್ಬಿಣದ್ದು. ಬರೀ ನೀರು ತುಂಬಿಸಿದರೆ ಒಳಗೆ ತುಕ್ಕು ಏಳುತ್ತದೆ, ಆ ತುಕ್ಕು ಕೆಸರಾಗಿ ಬ್ಲಾಕಿನ ತಳದಲ್ಲಿ ಕೂರುತ್ತದೆ.

ಹಾಗಾಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದಕ್ಕೆ ಕೂಲೆಂಟ್ ಸೇರಿಸಿ. ಎಷ್ಟು? ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಕೂಲೆಂಟಿನಲ್ಲಿರುವ ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಬಿಸಿಯನ್ನು ಹೊತ್ತೊಯ್ಯುವುದೂ ಇಲ್ಲ. ತುಕ್ಕು ತಡೆಯುವ ರಾಸಾಯನಿಕ ಸಿಗಬೇಕು ಮತ್ತು ಕುದಿಯುವ ಬಿಂದು ಸ್ವಲ್ಪ ಏರಬೇಕು, ಅದಕ್ಕಾಗಿ ಮಾತ್ರ ನಮಗೆ ಕೂಲೆಂಟ್ ಬೇಕಿರುವುದು. ಮೂರರಲ್ಲಿ ಒಂದು ಭಾಗ ಕೂಲೆಂಟ್, ಎರಡು ಭಾಗ ನೀರು ಧಾರಾಳ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎಂದುಕೊಂಡು ಅಚ್ಚ ಕೂಲೆಂಟನ್ನೇ ಸುರಿಯುವವರಿದ್ದಾರೆ. ಅದರಿಂದ ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ಅದಕ್ಕೆ ನೀರು ಬೆರೆಸುವಂತಿಲ್ಲ, ಓದಿ ನೋಡಿ.

ಇನ್ನೊಂದು ಮಾತು. ಹಳೇ ರೇಡಿಯೇಟರುಗಳು ಹಿತ್ತಾಳೆ, ತಾಮ್ರದವು. ಬೆಸುಗೆ ಸೀಸ ತವರದ್ದು. ಅವಕ್ಕೆ ಹಳೇ ಕಾಲದ, ಐಎಟಿ ಎಂಬ ಬಗೆಯ ಕೂಲೆಂಟ್ ಒಗ್ಗುತ್ತದೆ. ಈಗಿನ ಅಲ್ಯೂಮಿನಿಯಂ ರೇಡಿಯೇಟರುಗಳಿಗಾಗಿ ಮಾಡಿದ ಒಎಟಿ ಬಗೆಯದನ್ನು ಹಾಕದಿರುವುದು ಒಳ್ಳೆಯದು. ಹಸಿರು, ಕೆಂಪು, ಗುಲಾಬಿ ಎಂದು ಬಣ್ಣ ನೋಡಿ ತರಬೇಡಿ. ಯಾವ ಬಣ್ಣ ಯಾವ ಬಗೆಗೆ ಎಂದು ಎಲ್ಲರೂ ಒಪ್ಪಿದ ನಿಯಮವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ತೆಗೆದ ಹಳೇ ಕೂಲೆಂಟನ್ನು ಚರಂಡಿ ಪಕ್ಕ ಸುರಿಯಬೇಡಿ. ಅದು ಸಿಹಿ ಇರುತ್ತದೆ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಪ್ರಾಣ ಹೋಗುತ್ತದೆ.

ಕೊಳೆ ತೊಳೆಯುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ರೇಡಿಯೇಟರಿನ ತಳದ ತಿರುಪನ್ನು ತೆರೆದು ನೀರು ಬಸಿಯಿರಿ. ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. ಬ್ಲಾಕಿನ ಪಕ್ಕದಲ್ಲೂ ಒಂದು ಸಣ್ಣ ನಲ್ಲಿಯೋ ಪ್ಲಗ್ಗೋ ಇರುತ್ತದೆ. ಅಂಬಾಸಿಡರ್‌ನಲ್ಲಿ ಹಿತ್ತಾಳೆಯದು. ಅದನ್ನು ತೆರೆದರೆ ಎಷ್ಟೋ ಕಾರುಗಳಲ್ಲಿ ಒಂದು ಹನಿಯೂ ಬರುವುದಿಲ್ಲ. ನೀರಿಲ್ಲ ಎಂದಲ್ಲ, ಕೆಸರು ತುಂಬಿ ತೂತು ಮುಚ್ಚಿರುತ್ತದೆ. ಗಟ್ಟಿ ತಂತಿಯಿಂದ ಒಳಗೆ ಚುಚ್ಚಿ, ಅಲುಗಾಡಿಸಿ. ಮೊದಲು ಕಾಫಿ ಬಣ್ಣದ ಗಟ್ಟಿ ಕೆಸರು ತುಣುಕು ತುಣುಕಾಗಿ ಉದುರುತ್ತದೆ, ಆಮೇಲೆ ಒಮ್ಮೆಲೇ ಕೆಂಪು ನೀರು ಚಿಮ್ಮುತ್ತದೆ. ಕೈ ಪಕ್ಕಕ್ಕೆ ಇರಲಿ.

ಈಗ ಥರ್ಮೋಸ್ಟಾಟ್ ತೆಗೆದಿಡಿ, ಮೇಲಿನ ಮತ್ತು ಕೆಳಗಿನ ಹೋಸುಗಳನ್ನು ಬಿಚ್ಚಿ. ತೋಟದ ಪೈಪಿನಿಂದ ಬ್ಲಾಕಿಗೆ ಮೇಲಿನಿಂದ ನೀರು ಬಿಡಿ. ರೇಡಿಯೇಟರಿಗೆ ಮಾತ್ರ ಉಲ್ಟಾ, ಕೆಳಗಿನ ಬಾಯಿಂದ ಬಿಟ್ಟು ಮೇಲಿನ ಬಾಯಿಂದ ಹೊರಬರುವಂತೆ ಮಾಡಿ. ಟ್ಯೂಬುಗಳ ಬಾಯಲ್ಲಿ ಸಿಕ್ಕಿಕೊಂಡ ಚೂರುಗಳು ಹೀಗೆ ಮಾಡಿದರೆ ಮಾತ್ರ ಹೊರಗೆ ಬರುತ್ತವೆ. ನಲ್ಲಿಯ ಒತ್ತಡ ಸಾಕು, ಸರ್ವಿಸ್ ಸ್ಟೇಷನ್ನಿನ ಗನ್ ಬೇಡ. ನೀರು ತಿಳಿಯಾಗುವ ತನಕ ಬಿಡುತ್ತಲೇ ಇರಿ.

ಬಿಳಿ ಪದರ ಇದ್ದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಕೆಲಸಕ್ಕೆ ಬರುತ್ತದೆ. ಲೀಟರಿಗೆ 30 ಗ್ರಾಂ ಕರಗಿಸಿ ತುಂಬಿಸಿ, ಅರ್ಧ ಗಂಟೆ ಎಂಜಿನ್ ಓಡಿಸಿ, ಆರಲು ಬಿಟ್ಟು ಅದೇ ದಿನ ಬಸಿದು ಎರಡು ಮೂರು ಸಲ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ. ಒಂದು ಎಚ್ಚರಿಕೆ: ತೀರಾ ಹಳೇ ರೇಡಿಯೇಟರಿನಲ್ಲಿ ಕೊಳೆಯೇ ತೂತುಗಳನ್ನು ಮುಚ್ಚಿಕೊಂಡಿರುತ್ತದೆ. ತೊಳೆದ ಮೇಲೆ ಸೋರತೊಡಗಿದರೆ ಅದು ಹೇಗೂ ಸೋರಬೇಕಿದ್ದದ್ದು. ಮನೆಯಲ್ಲಿ ಗೊತ್ತಾದದ್ದು ಘಾಟಿಯಲ್ಲಿ ಗೊತ್ತಾಗುವುದಕ್ಕಿಂತ ವಾಸಿ ಅಲ್ವಾ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ರೂಢಿ ನಮ್ಮಲ್ಲಿ ಹಳೆಯದು. ದಾರಿ ಮಧ್ಯೆ ಸಿಕ್ಕಿಬಿದ್ದಾಗ ಮನೆ ಮುಟ್ಟಿಸುತ್ತದೆ, ನಿಜ. ಆದರೆ ಅದು ಸೋರುವ ತೂತನ್ನು ಹುಡುಕಿಕೊಂಡು ಹೋಗುವುದಿಲ್ಲ, ಚೆನ್ನಾಗಿರುವ ಟ್ಯೂಬುಗಳಲ್ಲೂ ಕೂರುತ್ತದೆ. ಹಾಕಿದ್ದರೆ ಮನೆಗೆ ಬಂದ ಕೂಡಲೇ ತೊಳೆದು ತೆಗೆಯಿರಿ.

ವಾಪಸ್ ತುಂಬಿಸುವಾಗ ಅವಸರ ಮಾಡಬೇಡಿ. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಹೀಟರ್ ಇದ್ದರೆ ಅದರ ನಲ್ಲಿ ತೆರೆದಿರಲಿ. ನಿಧಾನಕ್ಕೆ ಸುರಿಯುತ್ತಾ ಮೇಲಿನ ಹೋಸನ್ನು ಕೈಯಿಂದ ಹಿಸುಕುತ್ತಿರಿ, ಗುಳುಗುಳು ಎಂದು ಗಾಳಿ ಹೊರಗೆ ಬರುತ್ತದೆ. ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದ ಕ್ಷಣ ಮಟ್ಟ ಥಟ್ಟನೆ ಇಳಿಯುತ್ತದೆ. ಆಗ ಮತ್ತೆ ತುಂಬಿಸಿ, ಮುಚ್ಚಳ ಹಾಕಿ.

ರೇಡಿಯೇಟರ್ ಅಂಗಡಿಗೆ ಯಾವಾಗ ಹೋಗಬೇಕು

ಎಂಜಿನ್ ಬಿಸಿ ಇರುವಾಗ, ಆದರೆ ಆಫ್ ಮಾಡಿ, ಥರ್ಮಾಮೀಟರ್ ಗನ್ನನ್ನು ರೇಡಿಯೇಟರಿನ ಮೈ ಮೇಲೆ ಅಡ್ಡಕ್ಕೂ ಉದ್ದಕ್ಕೂ ಓಡಿಸಿ. ಮೇಲಿನಿಂದ ಕೆಳಕ್ಕೆ ಬಿಸಿ ನಿಧಾನವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳಲ್ಲಿ ನೀರು ಹರಿಯುತ್ತಿಲ್ಲ. ಅಂಥ ತಣ್ಣನೆ ಜಾಗ ನಾಲ್ಕಾರು ಕಡೆ ಸಿಕ್ಕರೆ ತೊಳೆದು ಪ್ರಯೋಜನವಿಲ್ಲ.

ಹಳೇ ರೇಡಿಯೇಟರ್ ಕೆಲಸ ಗೊತ್ತಿರುವವರು ಇನ್ನೂ ಇದ್ದಾರೆ. ಅವರು ಬೆಸುಗೆ ಕರಗಿಸಿ ಮೇಲಿನ ತೊಟ್ಟಿಯನ್ನು ಬೇರೆ ಮಾಡುತ್ತಾರೆ, ಪ್ರತಿ ಟ್ಯೂಬಿನಲ್ಲೂ ಚಪ್ಪಟೆ ಸರಳು ಇಳಿಸಿ ಕೆರೆಯುತ್ತಾರೆ, ಮತ್ತೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಊದಿ ಗುಳ್ಳೆ ಬರುತ್ತದಾ ನೋಡುತ್ತಾರೆ. ಇದನ್ನು ರಾಡಿಂಗ್ ಎನ್ನುತ್ತಾರೆ. ತೊಟ್ಟಿ ಬಿಚ್ಚಿದಾಗ ನೀವು ಪಕ್ಕದಲ್ಲಿದ್ದು ಕಣ್ಣಾರೆ ನೋಡಿ. ಟ್ಯೂಬುಗಳೇ ಸವೆದಿದ್ದರೆ ಹೊಸ ಕೋರ್ (ಟ್ಯೂಬು, ಫಿನ್ನುಗಳ ನಡುಭಾಗ) ಹಾಕಿಸುವುದು ಉತ್ತಮ, ಆದರೆ ಹಿತ್ತಾಳೆಯ ಹಳೇ ತೊಟ್ಟಿಗಳನ್ನು ಉಳಿಸಿಕೊಳ್ಳಿ. ಅಂಗಡಿಯವರು ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ ಎಂದೇ ನಾನು ಹೇಳುತ್ತೇನೆ. ಹಿತ್ತಾಳೆಯದನ್ನು ಯಾವ ತಾಲ್ಲೂಕು ಊರಿನಲ್ಲಾದರೂ ಬೆಸೆಯಬಹುದು.

ಹೊರಗಿನ ಮೈಯನ್ನೂ ಮರೆಯಬೇಡಿ. ಫಿನ್ನುಗಳ ನಡುವೆ ಹುಳ, ಧೂಳು, ಒಣ ಹುಲ್ಲು ತುಂಬಿರುತ್ತದೆ. ಎಂಜಿನ್ ಕಡೆಯಿಂದ ಗ್ರಿಲ್ ಕಡೆಗೆ ಮೆಲ್ಲಗೆ ನೀರು ಬಿಡಿ. ಮುಂದಿನಿಂದ ಜೋರಾಗಿ ಹೊಡೆದರೆ ಕಸ ಇನ್ನೂ ಒಳಕ್ಕೆ ಹೋಗುತ್ತದೆ, ಫಿನ್ನು ಮಡಚುತ್ತದೆ.

ಮುಚ್ಚಳ

ಇದು ಎಲ್ಲಕ್ಕಿಂತ ಅಗ್ಗದ ಭಾಗ, ಎಲ್ಲಕ್ಕಿಂತ ಜಾಸ್ತಿ ಕಡೆಗಣಿಸಿದ ಭಾಗವೂ ಇದೇ. ರೇಡಿಯೇಟರ್ ಮುಚ್ಚಳದೊಳಗಿನ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಒತ್ತಡ ಒಂದು ಪಿಎಸ್‌ಐ ಏರಿದರೆ ನೀರು ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. 7 ಪಿಎಸ್‌ಐ ಮುಚ್ಚಳ ಸರಿಯಾಗಿ ಕೂತಿದ್ದರೆ ಅದೇ ನೀರು 108ರ ಆಸುಪಾಸಿನವರೆಗೆ ತಡೆಯುತ್ತದೆ. ಮುಚ್ಚಳದ ರಬ್ಬರ್ ಒಡೆದಿದ್ದರೆ ಈ ಹನ್ನೊಂದು ಡಿಗ್ರಿ ನಿಮಗೆ ಸಿಗುವುದಿಲ್ಲ. ಟ್ರಾಫಿಕ್ಕಿನಲ್ಲಿ ಕುದಿಯುವ ಎಷ್ಟೋ ಗಾಡಿಗಳಿಗೆ ಹೊಸ ಮುಚ್ಚಳವೇ ಮದ್ದು.

ಕೊಳ್ಳುವಾಗ ಎರಡು ಅಂಶ ನೋಡಿ. ಒಂದು, ಒತ್ತಡ. ಆ ಕಾಲದ ಕಾರುಗಳಿಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ. ಹೊಸ ಕಾರಿನ 13, 15ರ ಮುಚ್ಚಳ ಹಾಕಿದರೆ ಹಳೇ ಬೆಸುಗೆ ಬಿಡುತ್ತದೆ, ಹೋಸು ಒಡೆಯುತ್ತದೆ. ಎರಡು, ಕತ್ತಿನ ಆಳ. ಮುಚ್ಚಳಗಳಲ್ಲಿ ಗಿಡ್ಡ, ಉದ್ದ ಎಂದು ಎರಡು ಬಗೆ ಇವೆ. ಗಿಡ್ಡದ್ದನ್ನು ಆಳದ ಕತ್ತಿಗೆ ಹಾಕಿದರೆ ತಿರುಗಿಸಿದಾಗ ಬಿಗಿಯಾದಂತೆ ಕಾಣುತ್ತದೆ, ಆದರೆ ರಬ್ಬರು ಒಳಗೆ ಎಲ್ಲೂ ತಾಗಿರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಮುಚ್ಚಳ ಜೊತೆಗೆ ಒಯ್ಯಿರಿ, ಕತ್ತಿನ ಆಳವನ್ನೂ ಅಳೆದುಕೊಂಡು ಹೋಗಿ.

ದಿನಾ ಬೆಳಿಗ್ಗೆ ಬಾಯಿಯವರೆಗೆ ನೀರು ತುಂಬುವ ಅಭ್ಯಾಸ ಬಿಡಿ. ನೀರು ಬಿಸಿಯಾದಾಗ ಹಿಗ್ಗುತ್ತದೆ. ಹಿಗ್ಗಲು ಜಾಗ ಬೇಕಾದ್ದರಿಂದ ಮೇಲಿನ ಒಂದು ಅಂಗುಲದಷ್ಟನ್ನು ಅದು ಸಣ್ಣ ಪೈಪಿನಿಂದ ರಸ್ತೆಗೆ ಉಗುಳುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಮರುದಿನ ನೀವು ಮತ್ತೆ ತುಂಬಿದರೆ ಮತ್ತೆ ಉಗುಳುತ್ತದೆ, ಕೂಲೆಂಟ್ ದಿನೇ ದಿನೇ ತೆಳ್ಳಗಾಗುತ್ತಾ ಹೋಗುತ್ತದೆ. ಟ್ಯೂಬುಗಳು ಮುಳುಗಿದ್ದರೆ ಸಾಕು.

ಹೋಸು, ಬೆಲ್ಟು, ಪಂಪು

ಹೋಸುಗಳನ್ನು ಹಿಸುಕಿ ನೋಡಿ. ಮೆತ್ತಗೆ ಉಬ್ಬಿದ್ದರೆ, ಇಲ್ಲವೇ ಒಣಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಕೆಳಗಿನ ಹೋಸು ವಿಶೇಷ. ಪಂಪು ನೀರನ್ನು ಎಳೆಯುವುದು ಅಲ್ಲಿಂದ. ಮೆತ್ತಗಾಗಿದ್ದರೆ ಜೋರಾಗಿ ಓಡುವಾಗ ಒಳಕ್ಕೆ ಕುಗ್ಗಿ ದಾರಿ ಮುಚ್ಚುತ್ತದೆ, ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಮತ್ತೆ ಮೊದಲಿನಂತೆ ಆಗಿರುತ್ತದೆ. ಹೀಗಾಗಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಾನೆಟ್ ಎತ್ತಿ, ಇನ್ನೊಬ್ಬರಿಗೆ ಆಕ್ಸಿಲರೇಟರ್ ಒತ್ತಲು ಹೇಳಿ, ಕೆಳಗಿನ ಹೋಸನ್ನು ನೋಡುತ್ತಿರಿ. ಕುಗ್ಗಿದರೆ ಒಳಗೆ ಸ್ಪ್ರಿಂಗ್ ಇರುವ ಹೋಸು ಹಾಕಿಸಿ.

ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಗ್ಗಬೇಕು. ಸಡಿಲವಿದ್ದರೆ ಜಾರುತ್ತದೆ, ತೀರಾ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಹೋಗುತ್ತದೆ. ಬೆಲ್ಟಿನ ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಅಂಬಾಸಿಡರ್‌ನಲ್ಲಿ ಫ್ಯಾನು ಕೂತಿರುವುದು ಪಂಪಿನ ಶಾಫ್ಟ್ ಮೇಲೆಯೇ. ಎಂಜಿನ್ ಆಫ್ ಇರುವಾಗ ಫ್ಯಾನಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಸಿಕ್ಕರೆ, ಇಲ್ಲವೇ ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ಜಿನುಗುತ್ತಿದ್ದರೆ ಪಂಪು ಬದಲಾಯಿಸುವ ಹೊತ್ತು ಬಂದಿದೆ.

ಥರ್ಮೋಸ್ಟಾಟ್ ಕಿತ್ತು ಬಿಸಾಡಬೇಡಿ

"ನಮ್ಮ ಬಿಸಿಲಿಗೆ ಅದು ಬೇಡ ಸಾರ್" ಎಂದು ಹೇಳಿ ಥರ್ಮೋಸ್ಟಾಟ್ ತೆಗೆದು ಹಾಕುವ ಮೆಕ್ಯಾನಿಕ್‌ಗಳು ಊರೂರಲ್ಲೂ ಇದ್ದಾರೆ. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಈ ಮಾತು ಒಪ್ಪಲಾರೆ. ಥರ್ಮೋಸ್ಟಾಟ್ ತೆರೆದ ಮೇಲೆ ಅದು ದಾರಿಗೆ ಅಡ್ಡಿಯಲ್ಲ. 82 ಡಿಗ್ರಿಯದಾಗಿದ್ದರೆ ನಿಮ್ಮ ಎಂಜಿನ್ ಕುದಿಯುವುದಕ್ಕಿಂತ ಎಷ್ಟೋ ಮುಂಚೆ ತೆರೆದಿರುತ್ತದೆ. ತೆಗೆದು ಹಾಕಿದರೆ ಬೆಳಗಿನ ಹೊತ್ತು ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಆವಿಯಾಗದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅದನ್ನು ತೆಗೆದ ಮೇಲೆ ಗಾಡಿ ಬಿಸಿಯಾಗುವುದು ನಿಂತಿದ್ದರೆ ಎರಡರಲ್ಲಿ ಒಂದು: ಆ ಥರ್ಮೋಸ್ಟಾಟ್ ಕೆಟ್ಟಿತ್ತು, ಇಲ್ಲವೇ ರೇಡಿಯೇಟರ್ ಸೋತಿದೆ ಮತ್ತು ನೀವು ಅದನ್ನು ಮುಚ್ಚಿಟ್ಟಿದ್ದೀರಿ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅಡುಗೆಗೆ ಬಳಸದ ಒಂದು ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಇಳಿಬಿಡಿ. ದಾರವನ್ನು ಕವಾಟದ ಸಂದಿಗೆ ಸಿಕ್ಕಿಸಿ ಕಟ್ಟಿದರೆ ಇನ್ನೂ ಚೆನ್ನ. ಅದು ತೆರೆದ ಕೂಡಲೇ ದಾರದಿಂದ ಜಾರಿ ನೀರಿಗೆ ಬೀಳುತ್ತದೆ, ಆಗ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ. ಮೈ ಮೇಲೆ 82 ಎಂದು ಕೊರೆದಿದ್ದರೆ 82ರ ಆಜುಬಾಜಿನಲ್ಲಿ ತೆರೆಯಬೇಕು, ಇನ್ನೊಂದು ಹತ್ತು ಹದಿನೈದು ಡಿಗ್ರಿಯೊಳಗೆ ಪೂರ್ತಿ ಬಾಯಿ ಬಿಡಬೇಕು. ಬೇಸಿಗೆಗೆಂದು 74ರದ್ದು ಹಾಕುತ್ತೇನೆ ಎಂದರೆ ತಪ್ಪಿಲ್ಲ, ಆದರೆ ಸೋತ ರೇಡಿಯೇಟರಿಗೆ ಅದು ಪರಿಹಾರವಲ್ಲ.

ಗಾಳಿಗೆ ದಾರಿ ಬಿಡಿ

ಗ್ರಿಲ್ ಮುಂದೆ ನಿಂತು ನೋಡಿ. ಫಾಗ್ ಲ್ಯಾಂಪು, ದೊಡ್ಡ ಹಾರ್ನು, ಕ್ಲಬ್ಬಿನ ಬಿಲ್ಲೆ, ಅಡ್ಡಡ್ಡ ಕ್ರೋಮ್ ಪಟ್ಟಿ ಎಷ್ಟು ಗಾಳಿ ತಡೆದಿವೆ? ತೆಗೆಯಬಹುದಾದ್ದನ್ನು ಬೇಸಿಗೆಗಾದರೂ ತೆಗೆಯಿರಿ. ಆಮೇಲೆ ಹಾಕಿಸಿದ ಏಸಿ ಇದ್ದರೆ ಅದರ ಕಂಡೆನ್ಸರ್ ರೇಡಿಯೇಟರಿಗೆ ಬಿಸಿ ಗಾಳಿಯನ್ನೇ ಕೊಡುತ್ತದೆ. ಘಾಟಿ ಹತ್ತುವಾಗ ಏಸಿ ಆಫ್ ಮಾಡಿ.

ಫ್ಯಾನಿನ ಸುತ್ತ ಕವಚ ಇದ್ದರೆ ಅದು ರೇಡಿಯೇಟರಿನ ಪೂರ್ತಿ ಮೈಯಿಂದ ಗಾಳಿ ಎಳೆಯುತ್ತದೆ. ಇಲ್ಲದಿದ್ದರೆ ಫ್ಯಾನಿನ ಅಗಲದಷ್ಟು ಭಾಗದಿಂದ ಮಾತ್ರ. ಕಳೆದುಹೋಗಿದ್ದರೆ ತಗಡಿನದು ಮಾಡಿಸಿ ಕೂರಿಸಿ, ಫ್ಯಾನಿನ ತುದಿಗೂ ಕವಚಕ್ಕೂ ಬೆರಳಗಲ ಜಾಗ ಇರಲಿ. ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಫ್ಯಾನು ಉಲ್ಟಾ ಕೂತಿರುವುದೂ ಉಂಟು, ಅದನ್ನೂ ನೋಡಿ. ಎಲೆಕ್ಟ್ರಿಕ್ ಫ್ಯಾನು ಹಾಕಿಸುವುದಾದರೆ ರಿಲೇ, ಫ್ಯೂಸು, ಥರ್ಮೋ ಸ್ವಿಚ್ ಜೊತೆಗೇ ಹಾಕಿಸಿ. ಡೈನಮೋ ಇರುವ ಹಳೇ ಕಾರಿಗೆ ಆ ಭಾರ ಹೆಚ್ಚಾಗುತ್ತದೆ, ಮೊದಲು ಆಲ್ಟರ್ನೇಟರ್ ಬೇಕು. ಬೇರೆ ಎಲ್ಲವನ್ನೂ ಸರಿ ಮಾಡಿದ ಮೇಲೂ ಟ್ರಾಫಿಕ್ಕಿನಲ್ಲಿ ಬಿಸಿಯಾದರೆ ಮಾತ್ರ ಈ ಖರ್ಚು ಮಾಡಿ.

ಟೈಮಿಂಗು ಮತ್ತು ಪೆಟ್ರೋಲು

ಕಿಡಿ ತಡವಾಗಿ ಹೊತ್ತಿದರೆ ಉರಿ ಕೂಡಾ ತಡವಾಗುತ್ತದೆ. ಇನ್ನೂ ಉರಿಯುತ್ತಿರುವ ಗ್ಯಾಸು ಸೈಲೆನ್ಸರ್ ಕಡೆಯ ದಾರಿಗೆ ಹೋಗುತ್ತದೆ, ಹೆಡ್ಡಿನ ನೀರು ಕಾಯುತ್ತದೆ. ಪಾಯಿಂಟ್ ಸವೆದು ಗ್ಯಾಪ್ ಕಡಿಮೆಯಾದಂತೆ ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತದೆ. ಆದ್ದರಿಂದ ಬೇಸಿಗೆ ಮುಂಚೆ ಗ್ಯಾಪ್ ಸರಿ ಮಾಡಿಸಿ, ಆಮೇಲೆ ಸ್ಟ್ರೋಬ್ ಲೈಟ್ ಹಿಡಿದು ಟೈಮಿಂಗ್ ಸೆಟ್ ಮಾಡಿಸಿ. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು ಒಡೆದಿದೆಯಾ ನೋಡಿ. ಬಾಯಿಂದ ಎಳೆದರೆ ಒಳಗಿನ ತಟ್ಟೆ ಅಲುಗಾಡಬೇಕು. ಅಲುಗದಿದ್ದರೆ ಹೈವೇಯಲ್ಲಿ ಸಿಗಬೇಕಾದ ಅಡ್ವಾನ್ಸ್, ಅಂದರೆ ಮುಂಚಿತವಾಗಿ ಹೊತ್ತುವ ಕಿಡಿ, ಸಿಗುತ್ತಿಲ್ಲ.

ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದರೂ ಎಂಜಿನ್ ಬಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಸರಿ, ಬೂದಿಯಂತೆ ಬಿಳಿಚಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಸೆಟ್ಟಿಂಗಿನಲ್ಲಿ ಮಿಶ್ರಣ ಇನ್ನೂ ತೆಳ್ಳಗಾಗುತ್ತದೆ. ಕಾರ್ಬುರೇಟರನ್ನು ಅದಕ್ಕೆ ತಕ್ಕ ಹಾಗೆ ಸ್ವಲ್ಪ ರಿಚ್ ಮಾಡಿಸಿ, ಅಂದರೆ ಪೆಟ್ರೋಲ್ ಕೊಂಚ ಜಾಸ್ತಿ ಬರುವಂತೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಎಥನಾಲಿಗೆ ಕರಗಿ ಸೀಳುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ಕುದಿಯುವ ನೀರಿಗಿಂತ ದೊಡ್ಡ ಅಪಾಯ. ಎಥನಾಲ್ ತಡೆಯುವ ಪೈಪುಗಳನ್ನೇ ಹಾಕಿಸಿ.

ಇಲ್ಲೇ ಇನ್ನೊಂದು ವಿಷಯ. ಕೆಲವು ಸಲ ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ಕೆಮ್ಮಿ ನಿಂತುಬಿಡುತ್ತದೆ, ಮುಳ್ಳು ಮಾತ್ರ ಮಾಮೂಲಿ ಜಾಗದಲ್ಲೇ ಇರುತ್ತದೆ. ಅದು ಓವರ್‌ಹೀಟ್ ಅಲ್ಲ, ವೇಪರ್ ಲಾಕ್. ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಆವಿಯಾಗಿದೆ. ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಬಿಡಿ. ಮತ್ತೆ ಮತ್ತೆ ಆದರೆ ಪೈಪನ್ನು ಎಕ್ಸಾಸ್ಟಿನಿಂದ ದೂರ ಮಾಡಿಸಿ. ಕಾರ್ಬುರೇಟರ್ ಅಡಿಯ ದಪ್ಪ ಇನ್ಸುಲೇಟರ್ ಇದೆಯಾ ನೋಡಿ, ಎಷ್ಟೋ ಕಡೆ ಅದನ್ನು ತೆಗೆದು ಬರೀ ಕಾಗದದ ಗ್ಯಾಸ್ಕೆಟ್ ಹಾಕಿರುತ್ತಾರೆ.

ಆಯಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 20ಡಬ್ಲ್ಯೂ-50, ಮಟ್ಟ ಸರಿಯಾಗಿರಲಿ, ಹೊತ್ತಿಗೆ ಬದಲಾಯಿಸಿ. ಬ್ರೇಕ್ ಹಿಡಿದುಕೊಂಡಿದ್ದರೂ ಎಂಜಿನ್ನಿಗೆ ಭಾರ. ಓಡಿಸಿ ಬಂದ ಮೇಲೆ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿ ನೋಡಿ.

ಓಡಿಸುವಾಗ

ಸಿಗ್ನಲ್‌ನಲ್ಲಿ ಮುಳ್ಳು ಏರತೊಡಗಿದರೆ ನ್ಯೂಟ್ರಲ್‌ಗೆ ಹಾಕಿ ಸ್ವಲ್ಪ ರೇಸ್ ಕೊಡಿ. ಫ್ಯಾನು, ಪಂಪು ಎರಡೂ ಜೋರಾಗಿ ತಿರುಗುತ್ತವೆ. ಶಿರಾಡಿ ಘಾಟಿಯಂಥ ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಮೂರನೇ ಗೇರಿನಲ್ಲಿ ಗುರ್ ಗುರ್ ಎನ್ನಿಸಬೇಡಿ, ಎರಡಕ್ಕೆ ಬನ್ನಿ. ಮುಂದಿನ ಲಾರಿಗೆ ತೀರಾ ಅಂಟಿಕೊಂಡು ಹೋದರೆ ಅದರ ಬಿಸಿ ಗಾಳಿಯೇ ನಿಮ್ಮ ರೇಡಿಯೇಟರಿಗೆ ಬರುತ್ತದೆ, ಅಂತರ ಬಿಡಿ. ಹತ್ತಿ ಮುಗಿಸಿ ಟೀಗೆ ನಿಲ್ಲಿಸಿದರೆ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಸುಮ್ನೆ ಓಡಲು ಬಿಡಿ. ಆಫ್ ಮಾಡಿದ ಮೇಲೆ ಮುಳ್ಳು ಸ್ವಲ್ಪ ಮೇಲೇರುವುದು ಸಹಜ, ನೀರು ತಿರುಗುವುದು ನಿಂತಿರುತ್ತದೆ ಅಷ್ಟೇ. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ದೂರ ಹೋಗುವವರು ಬೆಳಿಗ್ಗೆ ಐದಕ್ಕೇ ಹೊರಡಿ. ಹೀಟರ್ ಇರುವ ಕಾರಾದರೆ ಮುಳ್ಳು ತೀರಾ ಏರಿದಾಗ ಅದನ್ನು ಪೂರ್ತಿ ಬಿಸಿಗೆ ಹಾಕಿ, ಕಿಟಕಿ ಇಳಿಸಿ. ಕೂರಲು ಕಷ್ಟ, ಆದರೆ ಎಂಜಿನ್ ಉಳಿಯುತ್ತದೆ. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಒಂದು ಬೆಲ್ಟು, ಮೇಲಿನ ಹೋಸು, ಎರಡು ಕ್ಲಿಪ್ಪು, ದಪ್ಪ ಟವೆಲು ಸದಾ ಇರಲಿ.

ದಾರಿಯಲ್ಲಿ ಕುದಿದರೆ

ಆವಿ ಕಂಡ ಕೂಡಲೇ ಎಡಕ್ಕೆ ಸರಿದು ನಿಲ್ಲಿಸಿ. ಚಾರ್ಜಿಂಗಿನ ಕೆಂಪು ದೀಪವೂ ಹೊತ್ತಿದ್ದರೆ ಬೆಲ್ಟು ಕಡಿದಿದೆ, ಒಂದಡಿಯೂ ಮುಂದೆ ಹೋಗಬೇಡಿ. ಆಫ್ ಮಾಡಿ ಬಾನೆಟ್ ಎತ್ತಿ, ದೂರ ನಿಲ್ಲಿ. ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು ಮುಚ್ಚಳ ತೆರೆದ ಕ್ಷಣ ಒಮ್ಮೆಲೇ ಕುದಿದು, ಕುದಿನೀರೂ ಆವಿಯೂ ಸೇರಿ ಮುಖಕ್ಕೆ ಹಾರುತ್ತದೆ. ಕಣ್ಣು, ಮುಖ ಸುಟ್ಟುಕೊಳ್ಳುವುದು ಹೀಗೆಯೇ. ಕಡಿಮೆಯೆಂದರೂ ಮುಕ್ಕಾಲು ಗಂಟೆ ಕಾಯಿರಿ. ಬ್ಲಾಕಿನ ಮೇಲಾಗಲಿ ಎಕ್ಸಾಸ್ಟ್ ಮೇಲಾಗಲಿ ತಣ್ಣೀರು ಎರಚಬೇಡಿ, ಎರಕದ ಕಬ್ಬಿಣ ಸೀಳುತ್ತದೆ.

ಮೇಲಿನ ಹೋಸನ್ನು ಹಿಸುಕಿದರೆ ಮೆತ್ತಗಿರಬೇಕು. ಆಗ ಮುಚ್ಚಳದ ಮೇಲೆ ಟವೆಲು ಹಾಕಿ, ಮುಖ ತಿರುಗಿಸಿಕೊಂಡು ಮೊದಲ ಹಲ್ಲಿನವರೆಗೆ ಮಾತ್ರ ತಿರುಗಿಸಿ. ಬುಸ್ಸೆನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಎಂಜಿನ್ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ನೀರು ಸುರಿಯಿರಿ. ನೀರು ಎಲ್ಲಿ ಹೋಯಿತು ಎಂದು ಹುಡುಕಿ. ಹೋಸು, ಕ್ಲಿಪ್ಪು, ಪಂಪಿನ ಅಡಿ, ಬ್ಲಾಕಿನ ಪಕ್ಕದ ತಗಡಿನ ಬಿರಡೆಗಳು ಎಲ್ಲಾ ನೋಡಿ.

ಎಲ್ಲೂ ಸೋರಿಲ್ಲ, ಆದರೂ ನೀರು ಮಾಯವಾಗಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಒಂದೇ ಸಮ ಗುಳ್ಳೆ ಬರುವುದು, ಆಯಿಲ್ ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಲೇಪ, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಈ ಮೂರರಲ್ಲಿ ಯಾವುದು ಕಂಡರೂ ಮುಂದೆ ಓಡಿಸದೆ ಟೋ ಮಾಡಿಸಿ. ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿದಾಗ ಬರೀ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಲು ಬಿಡಬೇಡಿ. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಸೊಟ್ಟ ಆಗಿದೆಯಾ ನೋಡಲು ಹೇಳಿ, ಆಗಿದ್ದರೆ ಮೆಷಿನ್‌ಗೆ ಕೊಟ್ಟು ಸಮ ಮಾಡಿಸಿ. ಬೋಲ್ಟುಗಳನ್ನು ಮ್ಯಾನುಯಲ್‌ನಲ್ಲಿರುವ ಕ್ರಮದಲ್ಲಿ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ, ಜೊತೆಗೆ ಟ್ಯಾಪೆಟ್ ಗ್ಯಾಪನ್ನೂ (ವಾಲ್ವುಗಳ ಬಳಿ ಬಿಡುವ ಸಂದಿ) ಸರಿ ಮಾಡಿಸಿ.